ಅಶ್ವತ್ಥಪ್ಪನ ತಲೆಯ ಇಪ್ಪತ್ತಾರು ಹುರಿಗಳು

ದೇವರಾಯಸಮುದ್ರದ ಹಾಲಿನ ಡೈರಿಯಲ್ಲಿ ಫ್ಯಾಟು ನೋಡುವ ಅಶ್ವತ್ಥಪ್ಪನಿಗೆ ಐವತ್ತನಾಲ್ಕು ತುಂಬಿದ್ದರೂ, "ನಿನ್ನ ತಲೆ ನನಗೆ ಬೇಕು" ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಹಾಗಾಗಿ ಮಗಳು ತ್ರಿವೇಣಿ ಒಂದು ಶುಕ್ರವಾರ ಬಂದು ಕೇಳಿದಾಗ ಅವನ ಎದೆ ಉಬ್ಬಿತು. ತಲೆಯ ಒಳಗಿರುವುದು ಬೇಡ, ಮೇಲಿರುವುದಷ್ಟೇ ಸಾಕು ಎಂದು ಅವಳು ಬಿಡಿಸಿ ಹೇಳಿದ ಮೇಲೂ ಉಬ್ಬಿದ ಎದೆ ಪೂರ್ತಿ ಇಳಿಯಲಿಲ್ಲ.

ಮೇಲಿರುವುದು ಎಂದರೆ ಕೂದಲು. ಅದೂ ಅಂಥಿಂಥ ಕೂದಲಲ್ಲ, ಗುಂಗುರು ಕೂದಲು. ಅದರೊಳಗೆ ಹೊಕ್ಕ ಬಾಚಣಿಗೆ ಹಲ್ಲು ಕಳೆದುಕೊಂಡೇ ವಾಪಸು ಬರುತ್ತಿತ್ತು. ಮಗಳ ಬ್ಯೂಟಿ ಪಾರ್ಲರ್ ಸುಸೂತ್ರವಾಗಿ ಶುರುವಾಗಲಿ ಎಂದು ಅವನು ಎರಡು ವರ್ಷದ ಹಿಂದೆ ಚಿಕ್ಕತಿರುಪತಿಗೆ ಮುಡಿ ಹರಕೆ ಹೊತ್ತಿದ್ದ. ಪಾರ್ಲರ್ ಶುರುವಾಯಿತು. ಆದರೆ ಡೈರಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಹಸುಗಳು ರಜೆ ಹಾಕುವುದಿಲ್ಲ. ತನ್ನ ಬದಲು ನಿಲ್ಲುವವರು ಸಿಗದೆ ಹರಕೆ ಮುಂದಕ್ಕೆ ಹೋಗುತ್ತ ಹೋಗುತ್ತ ಕೂದಲು ಹೆಗಲಿಗೆ ಇಳಿದಿತ್ತು. ಹೆಂಡತಿ ಶಾಮಲಮ್ಮ ಅವನನ್ನು ದಿನಾ ಬೆಳಗ್ಗೆ ಹಿಂದಿನಿಂದ ನೋಡಿ "ಯಾರು ಬೇಕಾಗಿತ್ತಮ್ಮಾ?" ಎಂದು ಕೇಳಿ ನಗುತ್ತಿದ್ದಳು.

ತ್ರಿವೇಣಿಗೆ ಅದೇ ಕೂದಲು ಬೇಕಾಗಿದ್ದಕ್ಕೆ ಕಾರಣವಿತ್ತು. ಅವಳ ಪಾರ್ಲರ್ ಇದ್ದದ್ದು ಮುಳಬಾಗಿಲಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಹುಬ್ಬು ತಿದ್ದಿಸಿಕೊಳ್ಳುವವರು ಬರುತ್ತಿದ್ದರು, ಮದುವೆ ಅಲಂಕಾರಕ್ಕೆ ಮಾತ್ರ ಎಲ್ಲರೂ ಕೋಲಾರಕ್ಕೆ ಹೋಗುತ್ತಿದ್ದರು. ಈಗ ಲೆಕ್ಕಪರಿಶೋಧಕ ನಾಗರಾಜರಾಯರ ಮಗಳು ಮೃದುಲಾಗೆ ಮದುವೆ ಗೊತ್ತಾಗಿತ್ತು. ಅವಳದೂ ಗುಂಗುರು ಕೂದಲು. ಕೋಲಾರದ ಪಾರ್ಲರಿನವರೆಲ್ಲ "ಇದನ್ನ ನೆಟ್ಟಗೆ ಮಾಡ್ಸಿ, ಇಲ್ದಿದ್ರೆ ಆಗಲ್ಲ" ಎಂದು ಕೈ ಅಲ್ಲಾಡಿಸಿಬಿಟ್ಟಿದ್ದರು. ತ್ರಿವೇಣಿ ಒಬ್ಬಳೇ, "ನೆಟ್ಟಗೆ ಯಾಕೆ ಮಾಡ್ಬೇಕು? ಹಿಂದಿನ ದಿನ ಎರಡೆರಡು ಎಳೆ ಸೇರಿಸಿ ಹುರಿ ಹಾಕೋಣ. ಮಾರನೇ ದಿನ ಬಿಚ್ಚಿದ್ರೆ ಸುರುಳಿ ಸುರುಳಿಯಾಗಿ ಜೋತಾಡುತ್ತೆ" ಅಂದಿದ್ದಳು. ಮೃದುಲಾ ಕುಣಿದಳು. ಅವಳ ಅಜ್ಜಿ ಸುಂದರಾಬಾಯಿಯವರು ಕುಣಿಯಲಿಲ್ಲ.

"ಹುರಿ ಹಾಕೋದು ಸುಲಭ. ಬಿಚ್ಚುವಾಗ ಗಂಟು ಬೀಳುತ್ತೆ. ಮುಹೂರ್ತದ ಹೊತ್ತಿಗೆ ಕತ್ತರಿ ಹಿಡ್ಕೊಂಡು ಕೂರೋಕಾಗುತ್ತಾ? ಮೊದಲು ಇನ್ನೊಬ್ಬರ ತಲೆ ಮೇಲೆ ಮಾಡಿ ತೋರಿಸಲಿ" ಎಂದು ಅವರು ತೀರ್ಪು ಕೊಟ್ಟರು. ಭಾನುವಾರ ಹನ್ನೊಂದು ಗಂಟೆಗೆ ತಾವೇ ಬಂದು ನೋಡುವುದಾಗಿಯೂ ಹೇಳಿದರು. ಸುಂದರಾಬಾಯಿಯವರು ಬೇಡ ಅಂದರೆ ಅವರ ಬೀದಿಯ ನಲವತ್ತು ಮನೆಗಳಲ್ಲೂ ಬೇಡವೇ. ತ್ರಿವೇಣಿ ಹುಬ್ಬು ತಿದ್ದುತ್ತಲೇ ಮುದುಕಿಯಾಗುವುದೋ, ಮದುವೆಮನೆಗಳಿಗೆ ಕಾಲಿಡುವುದೋ ಎಂಬುದು ಆ ಭಾನುವಾರದ ಮೇಲೆ ನಿಂತಿತ್ತು.

ಶನಿವಾರ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಅಶ್ವತ್ಥಪ್ಪನನ್ನು ಪಾರ್ಲರಿನ ಕುರ್ಚಿಯ ಮೇಲೆ ಕೂರಿಸಿ ಪರದೆ ಎಳೆದಳು. ತೊಳೆದ ಕೂದಲನ್ನು ಪಾಲು ಮಾಡಿ, ಒಂದೊಂದು ಪಾಲನ್ನೂ ಎರಡು ಎಳೆ ಮಾಡಿ, ಒಂದರ ಮೇಲೊಂದು ಸುತ್ತಿ ಹೊಸೆದಳು. ಎರಡು ಗಂಟೆಯ ಮೇಲೆ ಕನ್ನಡಿಯಲ್ಲಿ ನೋಡಿದರೆ ತಲೆಯ ಸುತ್ತ ಇಪ್ಪತ್ತಾರು ಹುರಿಗಳು ನೇತಾಡುತ್ತಿದ್ದವು.

"ಅಪ್ಪಾ, ಸರಿಯಾಗಿ ಕೇಳಿಸ್ಕೋ" ಅಂದಳು ತ್ರಿವೇಣಿ. "ನಾಳೆವರೆಗೂ ನೀರು ತಾಗಿಸ್ಬೇಡ. ಒದ್ದೆಯಲ್ಲಿ ಬಿಚ್ಚಿದ್ರೆ ಎಲ್ಲಾ ಕೆದರಿ ಸಿಕ್ಕಾಗುತ್ತೆ. ನೀನಂತೂ ಬಿಚ್ಚೋಕೆ ಹೋಗ್ಲೇಬೇಡ. ನಾಳೆ ನಾನು ಬೆರಳಿಗೆ ಎಣ್ಣೆ ಸವರ್ಕೊಂಡು ತುದಿಯಿಂದ ಬಿಚ್ಕೊಂಡು ಬರ್ತೀನಿ. ಬುಡದಿಂದ ಬಿಚ್ಚಿದ್ರೆ ಗಂಟು ಗ್ಯಾರಂಟಿ."

"ನಂಗೆ ಹೇಳ್ಕೊಡ್ತೀಯೇನಮ್ಮಾ? ಎಷ್ಟು ಹಸುಗಳ ಹಗ್ಗ ಬಿಚ್ಚಿದ ಕೈ ಇದು!"

"ಹಸುಗಳ ಹಗ್ಗ ಬೇರೆ ಅಪ್ಪಾ."

"ಹಗ್ಗ ಎಲ್ಲಾ ಒಂದೇ ಕಣಮ್ಮಾ. ಗೂಟದ ಹತ್ರ ಕೈ ಹಾಕಿದ್ರೆ ತಾನೇ ಬಿಚ್ಕೊಳುತ್ತೆ."

ತ್ರಿವೇಣಿ ಹಣೆ ಚಚ್ಚಿಕೊಂಡು, ಹುರಿಗಳು ಉಜ್ಜದಿರಲಿ ಎಂದು ಅಮ್ಮನ ರೇಷ್ಮೆ ಬ್ಲೌಸ್ ಪೀಸನ್ನು ಅಪ್ಪನ ತಲೆಗೆ ಸುತ್ತಿ ಕಳಿಸಿದಳು. ಅದರ ಬಣ್ಣ ಗುಲಾಬಿ, ಅಂಚಿಗೆ ಜರಿ. ಗುಲಾಬಿ ಜರಿಯ ತಲೆ ಹೊತ್ತು ಡೈರಿಯಲ್ಲಿ ಫ್ಯಾಟು ನೋಡುವುದು ಹೇಗೆ? ಅಶ್ವತ್ಥಪ್ಪ ಅದರ ಮೇಲೆ ಬಿಳೀ ಟವೆಲ್ಲನ್ನು ಹುಬ್ಬಿನವರೆಗೆ ಬಿಗಿಯಾಗಿ ಸುತ್ತಿಕೊಂಡ. ತನ್ನ ಈ ಜಾಣತನವನ್ನು ತಾನೇ ಮೆಚ್ಚಿಕೊಂಡು ಸಂಜೆಯ ಹಾಲಿಗೆ ಹೋದ.

ಸಾಲಿನಲ್ಲಿ ಮೊದಲು ನಿಂತಿದ್ದವನು ಮುನಿರಾಮಪ್ಪ. ಅವನ ಎರಡು ಹಸುಗಳು ಕೊಡುವ ಹಾಲಿಗಿಂತ ಅವನು ಕೊಡುವ ಸುದ್ದಿ ಹೆಚ್ಚು, ನೀರೂ ಅದರಲ್ಲೇ ಹೆಚ್ಚು.

"ಏಮಣ್ಣಾ ಇದಿ? ತಲೆಗೇನಾಯ್ತು?"

ಅಶ್ವತ್ಥಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ನಿಜ ಹೇಳಲು ಧೈರ್ಯವಿಲ್ಲ. "ಏನಿಲ್ಲ, ಸುಮ್ನೆ" ಅಂದ.

ಸುಮ್ಮನೆ ಯಾರಾದರೂ ತಲೆಗೆ ಬಿಳೀ ಬಟ್ಟೆ ಸುತ್ತಿಕೊಳ್ಳುತ್ತಾರೆಯೇ? ಮುನಿರಾಮಪ್ಪ ಹತ್ತಿರ ಬಂದು, ಕಿವಿಯ ಬಳಿ ದನಿ ತಗ್ಗಿಸಿ ಕೇಳಿದ. "ಎಷ್ಟು ಹಾಕವ್ರಣ್ಣಾ?"

ಇವನಿಗೆ ವಿಷಯ ಗೊತ್ತಾಗಿಬಿಟ್ಟಿದೆ ಎಂದುಕೊಂಡ ಅಶ್ವತ್ಥಪ್ಪ ಅತ್ತಿತ್ತ ನೋಡಿ, "ಇಪ್ಪತ್ತಾರು. ಯಾರಿಗೂ ಹೇಳ್ಬೇಡ ಕಣೋ" ಅಂದ.

"ಇಪ್ಪತ್ತಾರಾ! ಯಾವ ಡಾಕ್ಟ್ರು?"

"ಡಾಕ್ಟ್ರು ಯಾಕೆ? ನನ್ ಮಗಳೇ ಕೂತು ಹಾಕಿದ್ಳು."

ಮುನಿರಾಮಪ್ಪ ಹಾಲಿನ ಕ್ಯಾನನ್ನು ಕೆಳಗಿಟ್ಟ. ಯಾರಿಗೂ ಹೇಳಬೇಡ ಅಂದ ಮಾತಿಗೆ ಅವನು ಬೆಲೆ ಕೊಡದವನಲ್ಲ. ಒಬ್ಬೊಬ್ಬರಿಗೂ "ಯಾರಿಗೂ ಹೇಳ್ಬೇಡಿ" ಎಂದು ಹೇಳಿಯೇ ಹೇಳಿದ. ಸುದ್ದಿ ಸಾಲಿನ ನಡುವಿಗೆ ಬರುವಷ್ಟರಲ್ಲಿ ಅಶ್ವತ್ಥಪ್ಪ ಮೊಪೆಡ್ಡಿನಿಂದ ಬಿದ್ದಿದ್ದ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಕೆರೆ ಕಟ್ಟೆಯ ಮೇಲೆ ಟೊಮೆಟೊ ಲಾರಿ ಗುದ್ದಿತ್ತು, ಆಸ್ಪತ್ರೆಗೆ ಹೋಗಲು ಹೊತ್ತಿಲ್ಲದೆ ತ್ರಿವೇಣಿ ಪಾರ್ಲರಿನಲ್ಲೇ ಇಪ್ಪತ್ತಾರು ಹೊಲಿಗೆ ಹಾಕಿ ಅಪ್ಪನ ಜೀವ ಉಳಿಸಿದ್ದಳು. ಆ ಸಂಜೆ ಯಾರೂ ಫ್ಯಾಟು ಕಡಿಮೆ ಬಂತೆಂದು ಜಗಳವಾಡಲಿಲ್ಲ. ಅಶ್ವತ್ಥಪ್ಪನಿಗೆ ಅದೇ ಆಶ್ಚರ್ಯ.

ಏಳು ಗಂಟೆಗೆ ಮನೆಗೆ ಬ್ರೆಡ್ಡು ಬರತೊಡಗಿತು. ಹಿಂದೆಯೇ ಮೋಸಂಬಿ, ಬಾಳೆಹಣ್ಣು, ಎಳನೀರು. ನಮ್ಮ ಕಡೆ ಒಬ್ಬ ಮನುಷ್ಯ ಹಾಸಿಗೆ ಹಿಡಿದಿದ್ದಾನೆಂದು ಸುದ್ದಿಯಾದರೆ ಕೈ ಬೀಸಿಕೊಂಡು ನೋಡಲು ಹೋಗುವಂತಿಲ್ಲ, ಎದ್ದು ಕೂತಿದ್ದರೂ ಅವನನ್ನು ಮಲಗಿಸದೆ ಬರುವಂತಿಲ್ಲ. ಬಂದವರೆಲ್ಲ ಸೇರಿ ಅಶ್ವತ್ಥಪ್ಪನನ್ನು ಮಂಚದ ಮೇಲೆ ಮಲಗಿಸಿದರು. ನಾಲ್ಕು ಜನ ಮೋಸಂಬಿ ಸುಲಿದು ಬಾಯಿಗೆ ಇಟ್ಟರು. ಅವನು ಮೂರು ಸಲ ಬಾಯಿ ತೆರೆದದ್ದು ನಿಜ ಹೇಳಲೆಂದೇ. ಮೂರು ಸಲವೂ ಅಲ್ಲಿಗೆ ಒಂದೊಂದು ತೊಳೆ ಬಂತು.

"ಏನೂಂದ್ರೆ, ಬ್ರೆಡ್ಡು ಹನ್ನೊಂದಾಯ್ತು" ಎಂದಳು ಶಾಮಲಮ್ಮ, ಎಲ್ಲರೂ ಹೋದ ಮೇಲೆ. "ನಿಜ ಹೇಳ್ಬಿಡ್ತೀರೋ, ಇಲ್ಲಾ ಬೇಕರಿ ಇಟ್ಬಿಡೋಣ್ವೋ?"

"ನಾಳೆ ಹನ್ನೊಂದು ಗಂಟೆ ತನಕ ತಡ್ಕೊಳೇ. ಈಗ ಹೇಳಿದ್ರೆ ಎಲ್ರೂ ಬಿಚ್ಚಿ ತೋರ್ಸು ಅಂತಾರೆ. ಮಗಳ ಕೆಲ್ಸ ಕೆಡುತ್ತೆ" ಎಂದ ಅಶ್ವತ್ಥಪ್ಪ. ಮಗಳಿಗಾಗಿ ಮೋಸಂಬಿ ತಿನ್ನುವಂಥ ತ್ಯಾಗ ತನ್ನದು ಎಂದು ಅವನಿಗೆ ಹೆಮ್ಮೆಯೇ ಆಗಿತ್ತು. ನಿಜ ಹೇಳಬೇಕೆಂದರೆ, ಮದುವೆಯಾದ ಲಾಗಾಯ್ತಿನಿಂದ ಅವನಿಗೆ ಇಷ್ಟು ಸುಖ ಸಿಕ್ಕಿರಲಿಲ್ಲ.

ಭಾನುವಾರ ಬೆಳಗಿನ ಹಾಲು ಮುಗಿಸಿ ಬರುವಷ್ಟರಲ್ಲಿ ಮನೆಯ ಮುಂದೆ ಒಂದು ಬೈಕು ನಿಂತಿತ್ತು. ಡೈರಿಗಳ ಮೇಲುಸ್ತುವಾರಿ ನೋಡುವ ಅಧಿಕಾರಿ ಉಮೇಶ್, ಎದೆಗೆ ಫೈಲು ಅವುಚಿಕೊಂಡು ಜಗುಲಿಯ ಮೇಲೆ ಕೂತಿದ್ದರು.

"ಅಶ್ವತ್ಥಪ್ಪನವರೇ, ಡ್ಯೂಟಿ ಟೈಮಲ್ಲಿ ಬಿದ್ರೋ, ಡ್ಯೂಟಿ ಮುಗಿದ ಮೇಲೆ ಬಿದ್ರೋ? ಅದರ ಮೇಲೆ ಫಾರಂ ಬೇರೆ ಬೇರೆ."

"ನಾನು ಬಿದ್ದೇ ಇಲ್ಲ ಸಾರ್."

"ಹಂಗಂದ್ರೆ ಹೆಂಗೆ? ಊರೆಲ್ಲಾ ಬಿದ್ರಿ ಅಂತಿದೆ. ಬೀಳಲಿಲ್ಲ ಅಂತ ಬರೆಯೋಕೆ ಇದರಲ್ಲಿ ಕಾಲಮ್ಮೇ ಇಲ್ಲ. ಸ್ಥಳ ಹೇಳಿ, ಕೆರೆ ಕಟ್ಟೆ ಅಂತ ಹಾಕ್ಲಾ?"

ಅಷ್ಟರಲ್ಲಿ ಬೀದಿಯ ತುದಿಯಿಂದ ಒಂದು ಅಳು ಕೇಳಿಸಿತು. ಅದು ವೇಮಗಲ್ಲಿನ ಅವನ ಅಕ್ಕ ದೊಡ್ಡಗಂಗಮ್ಮನದು. ಯಾರೋ ಫೋನು ಮಾಡಿದ್ದರು. ಮೊದಲ ಬಸ್ಸಿಗೇ ಹೊರಟು, ಕೋಲಾರದಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಕೈಗಳು ಮಾತ್ರ ಗಟ್ಟಿಯಾಗಿದ್ದವು. ಅವಳ ಹಿಂದೆ ಮುನಿರಾಮಪ್ಪನೂ ಅರ್ಧ ಊರೂ ಬಂತು.

"ಏನೋ ತಮ್ಮಾ ಹಿಂಗ್ ಮಾಡ್ಕೊಂಡೆ! ನಿಮ್ಮನೇಲಿ ಅರಿಶಿಣ ಸುಣ್ಣ ಹಚ್ಚೋರೂ ಗತಿ ಇಲ್ವೇನೋ!"

ಅರಿಶಿಣ ಸುಣ್ಣ ಕಲಸಿ ಬಿಸಿ ಮಾಡಿ ಪೆಟ್ಟಿಗೆ ಹಚ್ಚುವುದು ಅವಳು ಜೀವಮಾನವೆಲ್ಲ ನಂಬಿದ ಒಂದೇ ವೈದ್ಯ. ಶಾಮಲಮ್ಮ ಬಾಯಿ ಬಿಡುವ ಮೊದಲೇ ಒಲೆಯ ಮುಂದೆ ಕೂತು, ಕಲಸಿ, ಸೌಟಿನಲ್ಲಿ ಬಿಸಿ ಮಾಡಿ ತಂದಳು. "ಅಕ್ಕಾ, ಬೇಡ, ಏನೂ ಆಗಿಲ್ಲ" ಎಂದು ಅಶ್ವತ್ಥಪ್ಪ ಹಿಂದೆ ಸರಿದ. ಹಿಂದೆ ಗೋಡೆಯಿತ್ತು. ಅಕ್ಕ ಟವೆಲ್ಲಿಗೆ ಕೈ ಹಾಕಿ ಎಳೆದಳು. ಅದರ ಜೊತೆಗೆ ಗುಲಾಬಿ ರೇಷ್ಮೆಯೂ ಬಂತು. ಜನ ಕತ್ತು ಚಾಚಿದರು. ದೊಡ್ಡಗಂಗಮ್ಮ ತಮ್ಮನ ತಲೆಯನ್ನು ಸವರಿ ನೋಡಿದಳು.

"ಅಯ್ಯೋ ದೇವುಡಾ! ದಾರದಲ್ಲಿ ಹೊಲ್ದಿಲ್ಲ ಕಣ್ರಪ್ಪೋ, ಹಗ್ಗದಲ್ಲಿ ಹೊಲ್ದವ್ರೆ!"

ಎಂದವಳೇ ಬಿಸಿ ಬಿಸಿ ಅರಿಶಿಣ ಸುಣ್ಣವನ್ನು ಹಿಂದಲೆಗೆ ಮೆತ್ತಿಬಿಟ್ಟಳು.

"ಹೊಲಿಗೆ ಅಲ್ಲಕ್ಕಾ, ಕೂದಲು ಕಣೇ ಇದು!" ಎಂದು ಅಶ್ವತ್ಥಪ್ಪ ಕುಣಿದಾಡಿದ. "ತ್ರಿವೇಣಿ ಹುರಿ ಹಾಕವ್ಳೆ, ಅಷ್ಟೇ!"

"ನೋವಿಗೆ ಬುದ್ಧಿ ಭ್ರಮಣೆ ಆಗಿದೆ" ಎಂದು ಮುನಿರಾಮಪ್ಪ ಜನಕ್ಕೆ ವಿವರಿಸಿದ. ದೊಡ್ಡಗಂಗಮ್ಮ ಎದೆ ಬಡಿದುಕೊಳ್ಳಲು ಕೈ ಎತ್ತಿದಳು. ಅವಳ ಕಣ್ಣಲ್ಲಿ ನೀರು ನೋಡಿ ಅಶ್ವತ್ಥಪ್ಪನಿಗೆ ತಡೆಯಲಾಗಲಿಲ್ಲ. ಹೆತ್ತಮ್ಮ ಹೋದ ಮೇಲೆ ತಾಯಿಯ ಹಾಗೆ ಸಾಕಿದ ಅಕ್ಕ ಅವಳು. ಮಗಳ ಮಾತು ಮರೆತು, "ನೋಡಿಲ್ಲಿ, ಬಿಚ್ಚಿ ತೋರಿಸ್ತೀನಿ" ಎಂದು ಹಿಂದಿನ ಒಂದು ಹುರಿಗೆ ಕೈ ಹಾಕಿದ. ಹಾಕಿದ್ದು ಎಲ್ಲಿಗೆ? ಗೂಟದ ಹತ್ತಿರ.

ಬುಡದಲ್ಲಿ ಎರಡು ಎಳೆಗಳನ್ನು ಅಗಲಿಸಿ ಎಳೆದ. ಮೇಲೆ ಬಿಡಿಸಿದಷ್ಟೂ ಕೆಳಗಿನ ಸುತ್ತು ಬಿಗಿಯುತ್ತ ಹೋಯಿತು. ಅದು ನಿಂತುಹೋದಾಗ ಪಕ್ಕದ್ದನ್ನು ಹಿಡಿದ. ಅದೂ ನಿಂತಿತು. ಮೂರನೆಯದನ್ನು ಹಿಡಿದಾಗ ಮೂರೂ ಒಂದಕ್ಕೊಂದು ಸಿಕ್ಕಿಕೊಂಡವು, ಅರಿಶಿಣ ಸುಣ್ಣ ಸಂದುಗಳಿಗೆಲ್ಲ ಮೆತ್ತಿಕೊಂಡಿತು. ನಿಂಬೆಹಣ್ಣಿನಷ್ಟು ದಪ್ಪದ ಹಳದಿ ಗಂಟೊಂದು ಹಿಂದಲೆಯಲ್ಲಿ ಕೂತಿತು.

ಹೊಲಿಗೆಯಲ್ಲ, ಕೂದಲೇ ಎಂಬುದು ಮಾತ್ರ ಎಲ್ಲರಿಗೂ ಖಾತ್ರಿಯಾಯಿತು. ದೊಡ್ಡಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ತಮ್ಮನ ಬೆನ್ನಿಗೆ ಎರಡು ಗುದ್ದಿ, ಅವನನ್ನು ತಬ್ಬಿಕೊಂಡಳು. ಉಮೇಶ್ ಬೇಸರದಿಂದ ಪೆನ್ನಿನ ಮುಚ್ಚಳ ಹಾಕಿದರು. ಎಲ್ಲರಿಗಿಂತ ಹೆಚ್ಚು ನೊಂದವನು ಮುನಿರಾಮಪ್ಪ.

"ಹಂಗಾರೆ ನಾನು ತಂದ ಮೋಸಂಬಿ?"

"ತಿಂದಾಯ್ತು" ಎಂದಳು ಶಾಮಲಮ್ಮ. "ಬ್ರೆಡ್ಡದೆ, ಬೇಕಾರೆ ತಗೊಂಡೋಗಪ್ಪ."

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಅಶ್ವತ್ಥಪ್ಪ ಮುಳಬಾಗಿಲಿನ ಪಾರ್ಲರಿನಲ್ಲಿ, ಕನ್ನಡಿಗೆ ಬೆನ್ನು ತಾಗಿಸಿಕೊಂಡು ನಿಂತಿದ್ದ. ಹಾಗೆ ನಿಂತರೆ ಗಂಟು ಕಾಣುವುದಿಲ್ಲ ಎಂದು ಅವನ ಎಣಿಕೆ. ಹಿಂದೆ ಇದ್ದದ್ದು ಕನ್ನಡಿಯಾದ್ದರಿಂದ ತ್ರಿವೇಣಿಗೆ ಗಂಟು ಚೆನ್ನಾಗಿಯೇ ಕಂಡಿತು.

"ಅಪ್ಪಾ... ಏನಪ್ಪಾ ಮಾಡ್ಕೊಂಡ್ ಬಂದೆ?"

ಅವಳು ಬೈದಿದ್ದರೆ ಅಶ್ವತ್ಥಪ್ಪ ಸಹಿಸಿಕೊಳ್ಳುತ್ತಿದ್ದ. ಅವಳ ಕೆಳತುಟಿ ನಡುಗಿತು. ಚಿಕ್ಕಂದಿನಲ್ಲಿ ಸ್ಲೇಟು ಒಡೆದು ಬಂದಾಗಲೂ ಆ ತುಟಿ ಹೀಗೇ ನಡುಗುತ್ತಿತ್ತು.

"ನಾನು ಈಗ್ಲೇ ಹೋಗಿ ಬೋಳಿಸ್ಕೊಂಡ್ ಬಿಡ್ತೀನಮ್ಮಾ. ತಲೇನೇ ಸಿಗ್ಲಿಲ್ಲ ಅಂತ ಹೇಳು" ಎಂದು ಬಾಗಿಲಿಗೆ ಬಂದ. ಬಾಗಿಲಲ್ಲಿ ಸುಂದರಾಬಾಯಿಯವರು ಚಪ್ಪಲಿ ಬಿಡುತ್ತಿದ್ದರು. ಅವರ ಹಿಂದೆ ಮೃದುಲಾ.

ಎಪ್ಪತ್ತಾರು ವರ್ಷದ ಸುಂದರಾಬಾಯಿಯವರು ಕಚ್ಚೆ ಸೀರೆ ಉಟ್ಟು, ಎಣ್ಣೆ ಹಚ್ಚಿ ಎಳೆದು ಕಟ್ಟಿದ ಬಿಳೀ ತುರುಬಿನಲ್ಲಿ ಒಂದು ಕೂದಲೂ ಅಲುಗದಂತೆ ಬಂದಿದ್ದರು. ಒಳಗೆ ಬಂದವರು ಕೂರಲೂ ಇಲ್ಲ, ಅಶ್ವತ್ಥಪ್ಪನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಹಿಂಭಾಗಕ್ಕೆ ಬಂದು ನಿಂತರು.

"ಸುರುಳಿ ಸುರುಳಿಯಾಗಿ ಜೋತಾಡುತ್ತೆ ಅಂದಿದ್ದೆಯಂತಲ್ಲಮ್ಮಾ. ಇದೇನು, ನಿಂಬೆಹಣ್ಣೇ?"

ಅಶ್ವತ್ಥಪ್ಪ ಕೈ ಮುಗಿದು ನಡುವೆ ಬಂದ.

"ಅಮ್ಮಾ, ಹುರಿ ಅವಳ್ದು, ಗಂಟು ನಂದು. ಬಿಚ್ಬೇಡ ಅಂದಿದ್ಳು, ಬಿಚ್ಚಿದೆ. ತುದಿಯಿಂದ ಅಂದಿದ್ಳು, ಬುಡದಿಂದ ಬಿಚ್ಚಿದೆ. ನಮ್ಮಕ್ಕ ಹೊಲಿಗೆ ಅಂದ್ಕೊಂಡು ಅರಿಶಿಣ ಸುಣ್ಣ ಹಚ್ಚಿದ್ಳು. ಅದಕ್ಕೂ ಮೊದ್ಲು ಮೋಸಂಬಿ ಬಂತು..." ಎಂದು ಶನಿವಾರದಿಂದ ಹಿಡಿದು ಎಲ್ಲವನ್ನೂ, ಉಮೇಶರ ಫಾರಮ್ಮಿನ ಸಮೇತ, ಒಂದೇ ಉಸಿರಿಗೆ ಒಪ್ಪಿಸಿದ. ಮೃದುಲಾ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು. ಸುಂದರಾಬಾಯಿಯವರು ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು.

"ಒಳ್ಳೇದೇ ಆಯ್ತು. ಗಂಟಿಲ್ಲದ ಕೂದಲನ್ನ ಯಾರು ಬೇಕಾದ್ರೂ ಬಿಚ್ಚಿ ತೋರಿಸ್ತಾರೆ. ಇದನ್ನ ಬಿಡಿಸಮ್ಮಾ, ನೋಡೋಣ. ಕತ್ತರಿ ಮುಟ್ಟಬಾರದು. ಇನ್ನೊಂದು ಮಾತು, ಇವನು 'ಆ' ಅನ್ನಬಾರದು."

ಅಶ್ವತ್ಥಪ್ಪ ಕುರ್ಚಿಯ ಎರಡೂ ಕೈ ಹಿಡಿದು ಹಲ್ಲು ಕಚ್ಚಿ ಕೂತ. ಪ್ರಾಣ ಹೋದರೂ 'ಆ' ಅನ್ನುವುದಿಲ್ಲ ಎಂದು ತೀರ್ಮಾನಿಸಿದ್ದ.

ತ್ರಿವೇಣಿ ಒಮ್ಮೆ ಮೂಗು ಎಳೆದುಕೊಂಡು, ಅಂಗೈಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟುಕೊಂಡಳು. ಮೊದಲು ಗಂಟಿನ ಗೋಜಿಗೆ ಹೋಗದೆ ಒಳ್ಳೆಯ ಹುರಿಗಳನ್ನು ಹಿಡಿದಳು. ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಹೊಸೆದ ದಿಕ್ಕಿಗೆ ಎದುರಾಗಿ ಮೆಲ್ಲಗೆ ತಿರುಗಿಸುತ್ತ ಮೇಲಕ್ಕೆ ಬಂದಳು. ಎಳೆಗಳು ತಾವಾಗಿ ಎಲ್ಲಿ ಬೇರೆಯಾಗಲು ಒಪ್ಪಿದವೋ ಅಲ್ಲಿ ಮಾತ್ರ ಬೆರಳು ತೂರಿಸಿದಳು, ಒಪ್ಪದ ಕಡೆ ಇನ್ನೊಂದು ಹನಿ ಎಣ್ಣೆ ಹಚ್ಚಿ ಕಾದಳು. ಬಾಚಣಿಗೆಯನ್ನು ಮುಟ್ಟಲೇ ಇಲ್ಲ. ಒಂದೊಂದು ಹುರಿಯೂ ಬಿಚ್ಚಿಕೊಂಡು ಸುರುಳಿಯಾಗಿ ಹೆಗಲ ಮೇಲೆ ಇಳಿಯಿತು. ಆಮೇಲೆ ಗಂಟಿಗೆ ಬಂದಳು. ಒಣಗಿದ ಅರಿಶಿಣವನ್ನು ಎಣ್ಣೆಯಲ್ಲಿ ನೆನೆಸಿ ಒರೆಸಿದಳು. ಹೇರ್‌ಪಿನ್ನಿನ ತುದಿಯಿಂದ ಕೆಳಗಡೆಯ ಒಂದು ಕೂದಲನ್ನು ಸಡಿಲಿಸಿದಳು, ಇನ್ನೊಂದು, ಮತ್ತೊಂದು. ಪ್ರತಿ ಸಲವೂ ಬುಡವನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು, ಜಗ್ಗಿದ ನೋವು ನೆತ್ತಿಗೆ ಹೋಗದಿರಲಿ ಎಂದು. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು.

ಅಷ್ಟರಲ್ಲಿ ಕುರ್ಚಿಯಿಂದ ಒಂದು ದನಿ ಹೊರಟಿತು. ತ್ರಿವೇಣಿ ಬೆಚ್ಚಿ ಕೈ ತೆಗೆದಳು. ಸುಂದರಾಬಾಯಿಯವರು ಮುಂದಕ್ಕೆ ಬಾಗಿ ಕಿವಿಗೊಟ್ಟರು.

ಗೊರಕೆ. ಅಶ್ವತ್ಥಪ್ಪ ಬಾಯಿ ತೆರೆದು, ಕತ್ತು ವಾಲಿಸಿ, ಎಳೆಗೂಸಿನಂತೆ ನಿದ್ದೆ ಹೋಗಿದ್ದ.

ಸುಂದರಾಬಾಯಿಯವರು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಅವನ ಮುಖ ನೋಡಿದರು. ಬಿಗಿದುಕೊಂಡಿದ್ದ ಅವರ ಮುಖ ಸಡಿಲವಾಯಿತು.

"ನಮ್ಮಮ್ಮ ಶುಕ್ರವಾರ ಶುಕ್ರವಾರ ನನಗೆ ತಲೆ ಬಾಚೋಳು" ಅಂದರು, ಯಾರಿಗೆಂದಿಲ್ಲದೆ. "ಬಾಚಣಿಗೆ ಕಂಡ್ರೆ ಹಿತ್ತಲಿಗೆ ಓಡಿಹೋಗಿ ತುಳಸಿಕಟ್ಟೆ ಹಿಂದೆ ಅವಿತ್ಕೋತಿದ್ದೆ. ಎಳ್ಕೊಂಡು ಬಂದು ಕೂರಿಸೋಳು. ಪಾಪ, ನೋಯದ ಹಾಗೆ ಬಿಡಿಸೋದು ಅವಳಿಗೂ ಗೊತ್ತಿರಲಿಲ್ಲ. ಅಳದೆ ತಲೆ ಬಾಚಿಸ್ಕೊಂಡ ದಿನ ಒಂದೂ ನೆನಪಿಲ್ಲ ನನಗೆ. ಇವನು ನೋಡು, ನಿದ್ದೆ ಮಾಡ್ತಿದಾನೆ!"

ಕೊನೆಯ ಎಳೆ ಬಿಡುಗಡೆಯಾಗಿ ಉಳಿದ ಸುರುಳಿಗಳ ಜೊತೆ ಸೇರಿತು. ಮೃದುಲಾ ಓಡಿಬಂದು ತ್ರಿವೇಣಿಯ ಕೈ ಹಿಡಿದುಕೊಂಡಳು. "ಅಜ್ಜೀ, ಈಗ್ಲಾದ್ರೂ ಹೂಂ ಅನ್ನಿ. ಮದುವೆಗೂ ಇವರೇ, ಆರತಕ್ಷತೆಗೂ ಇವರೇ. ಈಗ್ಲೇ ನನ್ನ ತಲೆ ಮೇಲೂ ಒಂದ್ಸಲ ಮಾಡಿ ನೋಡ್ಲಿ."

"ನಿನ್ನ ಮದುವೆ ಮುಂದಿನ ತಿಂಗಳು ತಾನೇ? ಅಷ್ಟು ಅವಸರ ಏನು, ಕೂತ್ಕೋ" ಅಂದರು ಸುಂದರಾಬಾಯಿಯವರು. ಅವರ ಕೈ ಆಗಲೇ ತುರುಬಿಗೆ ಹೋಗಿತ್ತು. ಒಂದೊಂದೇ ಪಿನ್ನು ತೆಗೆದು ಮೊಮ್ಮಗಳ ಅಂಗೈಗೆ ಹಾಕಿದರು. ಬಿಳೀ ಕೂದಲು ಬೆನ್ನ ಮೇಲೆ ಇಳಿದು, ಗಾಳಿ ತಗುಲಿದ್ದೇ ಗುಂಗುರು ಗುಂಗುರಾಗಿ ಮೇಲೆದ್ದಿತು. ತ್ರಿವೇಣಿ ಕಣ್ಣರಳಿಸಿ ನೋಡುತ್ತ ನಿಂತಳು.

"ಇವನನ್ನ ಎಬ್ಬಿಸಮ್ಮಾ. ಆ ಕುರ್ಚಿ ನನಗೆ ಬೇಕು."